ಸಾಲ ಯಾರದ್ದು, ಮನ್ನಾ ಮಾಡೋರ್ಯಾರು? – ಓದುಗರ ಪ್ರಶ್ನೆ, ಉತ್ತರ

ಹೋದ ಸಂಚಿಕೆಲಿ ಯಾವ್ದೋ ಪ್ರಶ್ನೆಗೆ ಉತ್ತರ ಬರೀತಾ "ಕ್ರೈಸ್ತರಲ್ಲಿ ಕ್ಷಮೆ ಅಂದ್ರೆ ನ್ಯಾಯಕ್ಕೆ ರಜೆ ಕೊಡೋದಲ್ಲ" ಅಂತ ಒಂದು ಸಾಲು ಹಾಕಿಬಿಟ್ಟಿದ್ದೆ, ಅದಕ್ಕೆ ಇಷ್ಟೊಂದು ಕಾಗದ, ಮೇಲ್, ವಾಟ್ಸಾಪ್ ಎಲ್ಲ ಬರುತ್ತೆ ಅಂತ ಗೊತ್ತಿದ್ರೆ ಇನ್ನೆರಡು ಸಾಲು ಸೇರಿಸಿ ಸರಿಯಾಗೇ ಬರೀತಿದ್ದೆ. ಆರು ಪತ್ರ ಆರಿಸ್ಕೊಂಡಿದೀನಿ. ಮೊದಲನೇದಕ್ಕೇ ಜಾಸ್ತಿ ಜಾಗ ಹೋಗುತ್ತೆ, ಉಳಿದವರು ಬೇಜಾರು ಮಾಡ್ಕೋಬೇಡಿ, ಆಯಮ್ಮನ ಪ್ರಶ್ನೆ ಪುಸ್ತಕದಿಂದ ಬಂದಿದ್ದಲ್ಲ, ಮನೆಯಿಂದ ಬಂದಿದ್ದು.

ಪ್ರಶ್ನೆ: ಸರ್, ನಾವು ಕ್ರೈಸ್ತರು. ಅಪ್ಪ ತೀರಿಕೊಂಡು ನಾಲ್ಕು ವರ್ಷ ಆಯ್ತು. ಬ್ಯಾಂಕ್ ಲೋನಿಗೆ ಬೇಕು ಅಂತ ಹೇಳಿ ನಮ್ಮಣ್ಣ ನನ್ನ ಹತ್ರ ಸೈನ್ ಹಾಕಿಸ್ಕೊಂಡ, ಆಮೇಲೆ ನೋಡಿದ್ರೆ ಅದು ಹಕ್ಕು ಬಿಡುಗಡೆ ಪತ್ರ. ಅಪ್ಪನ ಸೈಟನ್ನ ಮಾರಿಯೂ ಆಯ್ತು. ನಾನು ಕೋರ್ಟಿಗೆ ಹೋಗಿದೀನಿ. ಈಗ ನಮ್ಮ ಸಭೆಯ ಹಿರಿಯರು ಮೂರು ಸಲ ಮನೆಗೆ ಬಂದು "ಏಳೆಪ್ಪತ್ತು ಸಾರಿ ಕ್ಷಮಿಸು ಅಂತ ಸ್ವಾಮಿ ಹೇಳಿದಾರಲ್ಲ, ಕೇಸು ವಾಪಸ್ ತಗೋ, ಒಡಹುಟ್ಟಿದವನನ್ನ ಕೋರ್ಟಿಗೆ ಎಳೀಬಾರ್ದು" ಅಂತಾರೆ. ನನಗೆ ಅಣ್ಣನ ಮೇಲೆ ದ್ವೇಷ ಇಲ್ಲ ಸರ್, ಅವನ ಮಕ್ಕಳಿಗೆ ಈಗ್ಲೂ ಹುಟ್ಟಿದಹಬ್ಬಕ್ಕೆ ಬಟ್ಟೆ ತಗೊಂಡು ಹೋಗ್ತೀನಿ. ಆದ್ರೆ ನನ್ನ ಪಾಲು ನನಗೆ ಬೇಕು. ಇದು ಪಾಪನಾ?
– ಹೆಸರು ಬೇಡ ಅಂದವರು, ಹಾಸನ ಜಿಲ್ಲೆ

ಉತ್ತರ: ಪಾಪ ಅಲ್ಲ ಅಮ್ಮ. ಇಷ್ಟು ಮೊದ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಉತ್ತರ ಉದ್ದ ಇದೆ, ಮಧ್ಯದಲ್ಲಿ ಒಲೆ ಮೇಲೆ ಹಾಲಿಟ್ಟಿದ್ದು ನೆನಪಾಗಿ ಎದ್ದು ಹೋದ್ರೂ ಪರವಾಗಿಲ್ಲ.

ಹಿರಿಯರು ಹೇಳಿದ ಏಳೆಪ್ಪತ್ತು ಸಾರಿ ಮಾತು ಮತ್ತಾಯನ ಸುವಾರ್ತೆ 18ನೇ ಅಧ್ಯಾಯದಲ್ಲಿದೆ. ಆದ್ರೆ ಅದನ್ನ ಹೇಳಿ ಅಲ್ಲಿಗೇ ನಿಲ್ಲಿಸೋರು ಕಣ್ಣು ಕೆಳಗಿಳಿಸಿ ಮುಂದಿನ ಕಥೆ ಓದೋದೇ ಇಲ್ಲ. ಒಬ್ಬ ರಾಜ, ಅವನ ಆಳೊಬ್ಬ ಹತ್ತು ಸಾವಿರ ತಲಾಂತು ಸಾಲ ಇಟ್ಕೊಂಡಿದಾನೆ. ಒಂದು ತಲಾಂತು ಅಂದ್ರೆ ಸುಮಾರು ಆರು ಸಾವಿರ ದಿನಾರಿ, ಒಂದು ದಿನಾರಿ ಒಂದು ದಿನದ ಕೂಲಿ. ಲೆಕ್ಕ ಹಾಕಿ ನೋಡಿ, ಆರು ಕೋಟಿ ದಿನದ ಕೂಲಿ, ಭಾನುವಾರ ಕೂಡ ರಜೆ ತಗೊಳ್ದೆ ದುಡಿದ್ರೂ ಒಂದು ಲಕ್ಷ ಅರವತ್ತು ಸಾವಿರ ವರ್ಷದ ಮೇಲಾಗುತ್ತೆ. ಯಾರೂ ತೀರಿಸೋಕಾಗದ ಸಾಲ ಅಂತ ಹೇಳೋಕೇ ಆ ಅಂಕಿ ಇಟ್ಟಿರೋದು. ರಾಜ ಅದನ್ನ ಮನ್ನಾ ಮಾಡ್ತಾನೆ. ಹೊರಗೆ ಬಂದ ಆಳು ತನಗೆ ನೂರು ದಿನಾರಿ, ಅಂದ್ರೆ ಮೂರು ತಿಂಗಳ ಕೂಲಿಯಷ್ಟು, ಕೊಡಬೇಕಾದವನ ಕುತ್ತಿಗೆ ಹಿಡೀತಾನೆ. ಅದು ಕೇಳಿ ರಾಜ ಸಿಟ್ಟಾಗಿ ಆ ಆಳನ್ನೇ ಶಿಕ್ಷೆಗೆ ಒಪ್ಪಿಸ್ತಾನೆ, ನಿಮಗೆ ಗೊತ್ತಿರೋದೇ.

ಈ ಕಥೇಲಿ ನಾನು ಗಮನಿಸೋದು ಒಂದೇ. ರಾಜ ಮನ್ನಾ ಮಾಡಿದ್ದು ರಾಜನ ದುಡ್ಡನ್ನ. ಪಕ್ಕದ ಮನೆಯವರ ದುಡ್ಡನ್ನಲ್ಲ. ನಷ್ಟ ಬಿದ್ದಿದ್ದು ಅವನ ಬೊಕ್ಕಸಕ್ಕೆ. ನಿಮ್ಮ ಹಿರಿಯರು ಮಾಡ್ತಿರೋದು ಏನು? ನಿಮ್ಮ ಪಾಲನ್ನ ಅವರು ನಿಮ್ಮಣ್ಣನಿಗೆ ಮನ್ನಾ ಮಾಡ್ತಿದಾರೆ, ಅವರ ಜೇಬಿಂದ ಬಿಡಿಗಾಸೂ ಹೋಗಲ್ಲ. ಇದಕ್ಕೆ ನಮ್ಮಲ್ಲಿ ಗಾದೆನೇ ಇದೆ, ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ.

ಇದು ನಾನು ಸ್ವಂತವಾಗಿ ಹೊಸೆದ ವಾದ ಏನಲ್ಲ. 13ನೇ ಶತಮಾನದ ಥಾಮಸ್ ಅಕ್ವಿನಾಸ್, ಕ್ಯಾಥೊಲಿಕ್ ತತ್ವಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬ, ಇದನ್ನೇ ದುಡ್ಡಿನ ಲೆಕ್ಕದಲ್ಲೇ ಹೇಳ್ತಾನೆ. ನೂರು ಕೊಡಬೇಕಾದವನಿಗೆ ಒಬ್ಬ ತನ್ನ ಕೈಯಿಂದ ಇನ್ನೂರು ಕೊಟ್ರೆ ಅವನು ನ್ಯಾಯಕ್ಕೆ ವಿರುದ್ಧ ಏನೂ ಮಾಡಿಲ್ಲ, ಧಾರಾಳ ಆಗಿದಾನೆ ಅಷ್ಟೇ. ಹಾಗೇ ತನಗೆ ಆದ ಅಪರಾಧವನ್ನ ಒಬ್ಬ ಬಿಟ್ಟುಕೊಟ್ರೆ ಅದೂ ಒಂಥರಾ ದಾನವೇ, ಆದ್ದರಿಂದ ಕರುಣೆ ನ್ಯಾಯವನ್ನ ಕೆಡಿಸಲ್ಲ, ತುಂಬಿಸುತ್ತೆ ಅಂತ. "ತನಗೆ ಆದ" ಅನ್ನೋ ಮಾತಿನ ಕೆಳಗೆ ಗೆರೆ ಎಳ್ಕೊಳಿ. ಇನ್ನೊಂದು ಕಡೆ ಅವನೇ ಕೇಳ್ಕೋತಾನೆ, ನ್ಯಾಯಾಧೀಶ ತಾನಾಗೇ ಶಿಕ್ಷೆ ಮಾಫಿ ಮಾಡಬಹುದಾ ಅಂತ. ಆಗಲ್ಲ ಅಂತಾನೆ, ಯಾಕಂದ್ರೆ ಅನ್ಯಾಯ ಆಗಿರೋದು ದೂರು ಕೊಟ್ಟವನಿಗೆ, ಅಧಿಕಾರ ಇರೋದು ಸಮಾಜದ್ದು, ನ್ಯಾಯಾಧೀಶಂದು ಎರಡೂ ಅಲ್ಲ. ಮೇಲಿನ ದೊರೆಗೆ ಆ ಅಧಿಕಾರ ಇದೆ, ಅದೂ ಅನ್ಯಾಯಕ್ಕೊಳಗಾದವರು ಒಪ್ಪಿದ್ರೆ ಮತ್ತೆ ಊರಿಗೆ ಕೇಡಾಗಲ್ಲ ಅನ್ನೋದಾದ್ರೆ. ಏಳುನೂರೈವತ್ತು ವರ್ಷದ ಹಿಂದೆ ಒಬ್ಬ ಸನ್ಯಾಸಿ ಇಷ್ಟು ಬಿಡಿಸಿ ಹೇಳಿದಾನೆ ಅಂದ್ಮೇಲೆ ನಿಮ್ಮ ಹಿರಿಯರಿಗೆ ಎಲ್ಲಿಂದ ಬಂತು ಆ ಅಧಿಕಾರ ಅಂತ ನೀವು ವಿನಯವಾಗೇ ಕೇಳಬಹುದು.

ಅವರು ಸುಮ್ನಾಗಲ್ಲ, ಪೌಲನ್ನ ತರ್ತಾರೆ, ಬೈಬಲ್ಲಿನಲ್ಲಿ ಪತ್ರಗಳಿರೋ ಆ ಅಪೊಸ್ತಲನ್ನ. ಕೊರಿಂಥದವರಿಗೆ ಬರೆದ ಮೊದಲ ಪತ್ರ, ಆರನೇ ಅಧ್ಯಾಯ, ಸಹೋದರರು ಸಹೋದರರ ಮೇಲೆ ಪರರ ಕೋರ್ಟಿಗೆ ಹೋಗೋದು ನಾಚಿಕೆಗೇಡು, ಅದರ ಬದಲು ಅನ್ಯಾಯ ಸಹಿಸ್ಕೋಬಾರ್ದಾ ಅಂತ ಪೌಲ ಬೈತಾನೆ. ನಿಜ, ಹಾಗೇ ಇದೆ, ಅದನ್ನ ನಾನು ಮುಚ್ಚಿಡಲ್ಲ. ಆದ್ರೆ ಅದೇ ಉಸಿರಲ್ಲಿ ಅವನು ಇನ್ನೆರಡು ಮಾತು ಹೇಳ್ತಾನೆ. ಒಂದು, ಸಹೋದರರ ವ್ಯಾಜ್ಯ ತೀರ್ಮಾನ ಮಾಡೋ ಅಂಥ ಜಾಣ ನಿಮ್ಮಲ್ಲಿ ಒಬ್ಬನೂ ಇಲ್ವಾ ಅಂತ. ಅಂದ್ರೆ ಸಭೇನೇ ಕೂತು ತೀರ್ಮಾನ ಮಾಡ್ಲಿ ಅಂತ, ಬಾಯ್ಮುಚ್ಚಿಸಿ ಅಂತಲ್ಲ. ಎರಡು, ಮುಂದಿನ ವಾಕ್ಯದಲ್ಲೇ, ನೀವೇ ಅನ್ಯಾಯ ಮಾಡ್ತೀರಿ, ಮೋಸ ಮಾಡ್ತೀರಿ, ಅದೂ ಸಹೋದರರಿಗೆ ಅಂತ. ಆ ಬೈಗುಳ ಯಾರ ಮನೆ ಬಾಗಿಲಿಗೆ ಹೋಗ್ಬೇಕಿತ್ತು? ಮೂರು ಸಲ ನಿಮ್ಮ ಮನೆಗೆ ಬಂದವರು ಅಣ್ಣನ ಮನೆಗೆ ಎಷ್ಟು ಸಲ ಹೋಗಿದಾರೆ ಅಂತ ನೀವು ಬರೆದಿಲ್ಲ, ನನಗೆ ಅನುಮಾನ ಸೊನ್ನೆ ಅಂತ.

ಜಕ್ಕಾಯ ಅಂತ ಒಬ್ಬ ಸುಂಕದವನ ಕಥೆ ಇದೆಯಲ್ಲ, ಕುಳ್ಳ, ಮರ ಹತ್ತಿ ಕೂತಿದ್ದೋನು. ಯೇಸು ಅವನ ಮನೆಗೆ ಊಟಕ್ಕೆ ಹೋಗ್ತಾರೆ, ಅದು ಕರುಣೆ, ಯಾವ ಷರತ್ತೂ ಇಲ್ಲದ್ದು. ಆದ್ರೆ ಜಕ್ಕಾಯ ಎದ್ದು ನಿಂತು ಅರ್ಧ ಆಸ್ತಿ ಬಡವರಿಗೆ, ಯಾರಿಗೆ ಮೋಸ ಮಾಡಿದ್ನೋ ಅವರಿಗೆ ನಾಲ್ಕರಷ್ಟು ಅಂದ ಮೇಲೇನೇ "ಈ ಹೊತ್ತು ಈ ಮನೆಗೆ ರಕ್ಷಣೆ ಬಂತು" ಅನ್ನೋ ಮಾತು ಬರೋದು. ಜಕ್ಕಾಯನಿಂದ ಮೋಸ ಹೋದವರನ್ನ ಕರೆದು "ಹೋಗ್ಲಿ ಬಿಡ್ರಪ್ಪಾ" ಅಂತ ಯಾರೂ ಅಲ್ಲಿ ಹೇಳಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ತುಂಬ ಇಷ್ಟ ಆಗಿದ್ದು ಬಟ್ಟೆ ವಿಷಯ. 1726ರಲ್ಲಿ ಜೋಸೆಫ್ ಬಟ್ಲರ್ ಅನ್ನೋ ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿ ತನ್ನ ಪ್ರಸಂಗಗಳನ್ನ ಅಚ್ಚು ಹಾಕಿಸಿದ, ಅದರಲ್ಲಿ ಎರಡು ಇದೇ ವಿಷಯದ್ದು. ಅನ್ಯಾಯ ಕಂಡಾಗ ಬರೋ ಸಿಟ್ಟನ್ನ ದೇವರೇ ಇಟ್ಟಿರೋದು, ಅದು ಬೇಲಿ ಥರ, ಅದಿಲ್ಲದಿದ್ರೆ ಕೆಟ್ಟವರಿಗೆ ತಡೆನೇ ಇರಲ್ಲ ಅಂತಾನೆ ಅವನು. ಆ ಸಿಟ್ಟು ಸೇಡಾಗ್ದೆ, ಎದುರಿಗಿರೋನೂ ಮನುಷ್ಯ ಅನ್ನೋದು ಮರೀದೆ, ಅವನ ಒಳ್ಳೇದನ್ನೂ ಬಯಸೋಕಾದ್ರೆ ಅದೇ ಕ್ಷಮೆ. ಶಿಕ್ಷೆ ಬೇಡ, ಪಾಲು ಬೇಡ ಅನ್ನೋದು ಅದರ ಭಾಗ ಅಲ್ಲ. ಅಂದ್ರೆ ಬಟ್ಲರನ ಲೆಕ್ಕದಲ್ಲಿ ನೀವು ಅಣ್ಣನ್ನ ಆಗ್ಲೇ ಕ್ಷಮಿಸಿದೀರಿ. ದಾವೆ ನಡೀತಿದ್ರೂ.

ಕಾನೂನು ನನ್ನ ಸಬ್ಜೆಕ್ಟ್ ಅಲ್ಲ, ವಕೀಲರು ಹೇಳಿರ್ತಾರೆ, ಆದ್ರೂ ಹಿರಿಯರಿಗೆ ಗೊತ್ತಿರ್ಲಿ ಅಂತ ಬರೀತೀನಿ. ಅಪ್ಪ ವಿಲ್ ಬರೆದಿಡದೇ ಹೋಗಿದ್ರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗ ಮಗಳು ಅಂತ ಭೇದ ಇಲ್ಲ, ಸಮಪಾಲು. ರಾಜಿ ಮಾಡ್ಕೊಳೋ ಮನಸ್ಸಿದ್ರೆ ಮಾಡ್ಕೊಳಿ, ಅರ್ಧ ಬಿಟ್ಟುಕೊಡ್ತೀನಿ ಅನ್ಸಿದ್ರೆ ಬಿಟ್ಟುಕೊಡಿ, ಪೂರ್ತಿನೂ ಬಿಡಿ, ನಿಮ್ಮದು ನಿಮ್ಮಿಷ್ಟ. ಆದ್ರೆ ಬಿಡೋದು ನಿಮ್ಮ ಕೈಲಿರ್ಲಿ.

ಪ್ರಶ್ನೆ: ತಪ್ಪಿಹೋದ ಮಗನ ಕಥೆ ಕೇಳಿದಾಗೆಲ್ಲ ನನಗೆ ಅಣ್ಣನ ಮೇಲೇ ಪಾಪ ಅನ್ಸುತ್ತೆ. ದುಡಿದವನು ಅವನು, ಔತಣ ಪೋಲಿ ತಮ್ಮನಿಗೆ. ಇದ್ಯಾವ ನ್ಯಾಯ ಸ್ವಾಮಿ?
– ಮನೆಗೆ ದೊಡ್ಡ ಮಗ, ದಾವಣಗೆರೆ

ಉತ್ತರ: ಹೆಸರು ಬರೀದೆ "ದೊಡ್ಡ ಮಗ" ಅಂತ ಸೈನ್ ಹಾಕಿದೀರಿ ಅಂದ್ರೆ ನೋವು ಎಲ್ಲಿಂದ ಬಂತು ಅಂತ ಗೊತ್ತಾಯ್ತು ಬಿಡಿ. ನಾನೂ ದೊಡ್ಡ ಮಗನೇ.

ನಿಮ್ಮ ಕೇಸು ನೀವಂದ್ಕೊಂಡಿದ್ದಕ್ಕಿಂತ ಗಟ್ಟಿಯಾಗಿದೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ಸಣ್ಣ ಮಗ ಪಾಲು ಕೇಳಿದಾಗ ಅಪ್ಪ ಆಸ್ತಿಯನ್ನ ಇಬ್ಬರಿಗೂ ಹಂಚಿಬಿಡ್ತಾನೆ. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಹಿರೀಮಗನಿಗೆ ಎರಡು ಪಾಲು, ಅಂದ್ರೆ ಮೂರರಲ್ಲಿ ಎರಡು ಭಾಗ. ಸಣ್ಣವನು ತನ್ನ ಭಾಗ ತಗೊಂಡು ಹೋಗಿ ಕಳೆದ. ಹಾಗಿದ್ರೆ ಅವನು ಬರಿಗೈಲಿ ವಾಪಸ್ ಬಂದಾಗ ಮನೇಲಿ ಉಳಿದಿದ್ದೆಲ್ಲ ಯಾರದ್ದು? "ನನ್ನದೆಲ್ಲಾ ನಿನ್ನದೇ" ಅಂತ ಅಪ್ಪನೇ ದೊಡ್ಡವನಿಗೆ ಹೇಳ್ತಾನೆ, ಅದು ಬರೀ ಸಮಾಧಾನದ ಮಾತಲ್ಲ, ಪಹಣಿ ತೆಗೆದು ನೋಡಿದ್ರೂ ಹಾಗೇ ಇರುತ್ತೆ. ಆ ಕೊಬ್ಬಿದ ಕರು, ಉಂಗುರ, ಒಳ್ಳೇ ನಿಲುವಂಗಿ, ಎಲ್ಲ ಒಂದು ಲೆಕ್ಕದಲ್ಲಿ ದೊಡ್ಡವನ ಪಾಲಿಂದೇ ಹೋಗಿರೋದು. ಅವನನ್ನ ಕೇಳಲೂ ಇಲ್ಲ, ಹೊಲದಿಂದ ಬರ್ತಾ ವಾದ್ಯದ ಸದ್ದು ಕೇಳಿ ಆಳನ್ನ ವಿಚಾರಿಸಿ ತಿಳ್ಕೊಂಡ.

ಮೇಲಿನ ಉತ್ತರದಲ್ಲಿ ರಾಜ ಸ್ವಂತ ದುಡ್ಡು ಬಿಟ್ಟ ಅಂತ ಜೋರಾಗಿ ಹೇಳಿದ ನಾನು ಇಲ್ಲಿ ಸ್ವಲ್ಪ ತಡವರಿಸ್ತೀನಿ, ನಿಜ ಹೇಳ್ಬೇಕಂದ್ರೆ. ದ್ರಾಕ್ಷಿತೋಟದ ಕಥೇಲಿ ಈ ತೊಂದ್ರೆ ಇಲ್ಲ, ಸಂಜೆ ಐದಕ್ಕೆ ಬಂದವನಿಗೂ ಪೂರ್ತಿ ದಿನದ ಕೂಲಿ ಕೊಡೋ ಯಜಮಾನ "ನನ್ನ ದುಡ್ಡನ್ನ ನನ್ನಿಷ್ಟದಂತೆ ಕೊಡಬಾರ್ದಾ" ಅಂತಾನೆ, ಬೆಳಗ್ಗೆ ಬಂದವನಿಗೆ ಮಾತಾಡಿದ ಕೂಲಿ ಸಿಕ್ಕೇ ಸಿಕ್ಕಿದೆ. ಇಲ್ಲಿ ಹಾಗಲ್ಲ, ಇಲ್ಲಿ ಇನ್ನೊಬ್ಬ ಮಗನ ತಟ್ಟೆಗೆ ಕೈ ಹೋಗಿದೆ.

ಅದಕ್ಕೇ ಇರ್ಬೇಕು ಅಪ್ಪ ಎದ್ದು ಹೊರಗೆ ಬರ್ತಾನೆ. ಒಂದೇ ದಿನ ಎರಡು ಸಲ ಹೊರಗೆ ಬರ್ತಾನೆ ನೋಡಿ, ಸಣ್ಣವನಿಗೋಸ್ಕರ ಓಡ್ಕೊಂಡು, ದೊಡ್ಡವನಿಗೋಸ್ಕರ ಬೇಡ್ಕೊಂಡು. ದೊಡ್ಡವನಿಗೆ ಆಜ್ಞೆ ಮಾಡಲ್ಲ, "ಒಳಗೆ ಬಾರೋ, ಏನಿದು ನಿನ್ನ ನಾಟಕ" ಅನ್ನಲ್ಲ. ಕಥೆ ಅಲ್ಲಿಗೇ ನಿಲ್ಲುತ್ತೆ, ದೊಡ್ಡವನು ಒಳಗೆ ಹೋದ್ನಾ ಇಲ್ವಾ ಯಾರಿಗೂ ಗೊತ್ತಿಲ್ಲ, ಯೇಸು ಹೇಳಲೇ ಇಲ್ಲ.

ಒಂದು ಭಾಷೆ ವಿಷಯ, ಕನ್ನಡದವರಿಗೆ ಖುಷಿ ಆಗೋ ಅಂಥದ್ದು. ದೂರದಲ್ಲಿ ಮಗನ್ನ ಕಂಡಾಗ ಅಪ್ಪನಿಗೆ ಆಯ್ತಲ್ಲ ಕನಿಕರ, ಅದಕ್ಕೆ ಮೂಲ ಗ್ರೀಕಿನಲ್ಲಿ ಬಳಸಿರೋ ಕ್ರಿಯಾಪದ ಹುಟ್ಟಿದ್ದು ಕರುಳು ಅನ್ನೋ ಪದದಿಂದ. ಕರುಳು ಚುರ್ ಅಂತು ಅಂತ ನಾವು ಅಂತೀವಲ್ಲ, ಡಿಟ್ಟೋ ಅದೇ. ಸಾಲ ಮನ್ನಾ ಮಾಡಿದ ರಾಜನಿಗೂ ಅದೇ ಪದ, ದಾರೀಲಿ ಬಿದ್ದವನನ್ನ ಎತ್ತಿದ ಸಮಾರ್ಯದವನಿಗೂ ಅದೇ. ಹೀಬ್ರೂನಲ್ಲಿ ಕರುಣೆಗೆ ಇರೋ ರಹಮೀಮ್ ಅನ್ನೋ ಪದಕ್ಕಂತೂ ಗರ್ಭ ಅನ್ನೋ ಪದದ ನಂಟು, ಅಂದ್ರೆ ನಮ್ಮ ಹೆತ್ತ ಕರುಳೇ. ಇಂಗ್ಲಿಷಲ್ಲಿ ಇದನ್ನ ವಿವರಿಸೋಕೆ ಅಡಿಟಿಪ್ಪಣಿ ಬೇಕು, ನಮಗೆ ಬೇಡ.

ಪ್ರಶ್ನೆ: ದೇವರು ಅಷ್ಟು ಕರುಣಾಮಯಿ ಆಗಿದ್ರೆ "ಸರಿ, ಕ್ಷಮಿಸಿದೆ" ಅಂದ್ಬಿಡಬಹುದಿತ್ತು. ಶಿಲುಬೆ ಯಾಕೆ ಬೇಕಿತ್ತು? ಕ್ಲಾಸಲ್ಲಿ ಕೇಳಿದ್ರೆ ಸಿಲಬಸ್ಸಲ್ಲಿ ಇಲ್ಲ ಅಂದ್ರು.
– ಬಿಎ ವಿದ್ಯಾರ್ಥಿನಿ, ಮೈಸೂರು

ಉತ್ತರ: ಸಿಲಬಸ್ಸಲ್ಲಿ ಇಲ್ದೇ ಇರೋದೇ ಒಳ್ಳೇದಾಯ್ತು ಮಗಳೇ, ಇದ್ದಿದ್ರೆ ಹತ್ತು ಅಂಕದ ಪ್ರಶ್ನೆ ಆಗಿ ಸತ್ತು ಹೋಗ್ತಿತ್ತು.

ಇದನ್ನ ಮೈಕೈ ನೋಯೋವಷ್ಟು ಯೋಚಿಸಿದವನು ಅನ್ಸೆಲ್ಮ್, 11ನೇ ಶತಮಾನದವನು, ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿನ ನಾರ್ಮಂಡಿಯ ಮಠದಲ್ಲಿದ್ದು 1093ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಗೆ ಆರ್ಚ್‌ಬಿಷಪ್ ಆದವನು. ಮಠದಲ್ಲಿದ್ದಾಗಲೇ ಒಂದು ಪ್ರಾರ್ಥನೆಯಲ್ಲಿ ದೇವರನ್ನೇ ಕೇಳ್ತಾನೆ, ನೀನು ಪೂರ್ತಿ ನ್ಯಾಯವಂತ ಆಗಿದ್ದು ಕೆಟ್ಟವರನ್ನ ಹೇಗೆ ಬಿಟ್ಟುಬಿಡ್ತೀಯ ಅಂತ. 1098ರ ಹೊತ್ತಿಗೆ ಅದಕ್ಕೊಂದು ಉತ್ತರ ಕಟ್ಟಿದ. ಪಾಪ ಅಂದ್ರೆ ದೇವರಿಗೆ ಸಲ್ಲಬೇಕಾದ ಗೌರವ ಸಲ್ಲಿಸದೇ ಇರೋದು, ಸಾಲ. ಒಂದೋ ಶಿಕ್ಷೆ ಆಗ್ಬೇಕು ಇಲ್ಲಾ ತುಂಬಿಕೊಡ್ಬೇಕು, ಸುಮ್ನೆ ಬಿಟ್ರೆ ಲೋಕದ ಕ್ರಮನೇ ಕೆಡುತ್ತೆ. ತುಂಬಿಕೊಡಬೇಕಾದವನು ಮನುಷ್ಯ, ಆದ್ರೆ ಅವನ ಕೈಲಿ ಆಗಲ್ಲ. ಆಗೋದು ದೇವರ ಕೈಲಿ, ಆದ್ರೆ ಅವನು ಸಾಲಗಾರ ಅಲ್ಲ. ಅದಕ್ಕೇ ದೇವರೂ ಮನುಷ್ಯನೂ ಆದ ಒಬ್ಬ ಬೇಕಾಯ್ತು. ದೊರೆ, ಪಾಳೇಗಾರ, ಮಾನಮರ್ಯಾದೆ ಅನ್ನೋ ಆ ಕಾಲದ ಗಾಳಿ ಈ ವಾದದಲ್ಲಿ ಚೆನ್ನಾಗೇ ಬೀಸುತ್ತೆ.

ಸ್ವಲ್ಪ ವರ್ಷದಲ್ಲೇ ಫ್ರಾನ್ಸಿನ ತತ್ವಜ್ಞಾನಿ ಅಬೆಲಾರ್ಡ್ ಬಂದು, ನಿರಪರಾಧಿ ರಕ್ತವನ್ನ ಬೆಲೆಯಾಗಿ ಕೇಳೋದು ಎಂಥಾ ಕ್ರೌರ್ಯ ಅಂದ. 1594ರಲ್ಲಿ ಇಟಲಿಯ ಧರ್ಮಚಿಂತಕ ಫೌಸ್ಟೊ ಸೊಝಿನಿ ಇನ್ನೂ ನೇರವಾಗಿ ಕೇಳಿದ, ಯಾರೋ ಒಬ್ಬರು ಸಾಲ ಪೂರ್ತಿ ತೀರಿಸಿದ್ರೆ ಅದು ಮನ್ನಾ ಹೇಗಾಗುತ್ತೆ, ಮನ್ನಾ ಮಾಡಿದ್ರೆ ತೀರಿಸೋದು ಯಾಕೆ ಅಂತ. ನಮ್ಮ ಕಡೆ ಸರ್ಕಾರ ರೈತರ ಸಾಲಮನ್ನಾ ಅಂತ ಘೋಷಣೆ ಮಾಡಿದಾಗ ಸೊಝಿನಿ ನೆನಪಾಗ್ತಾನೆ ನನಗೆ, ಬ್ಯಾಂಕಿಗೆ ಯಾರೋ ಕಟ್ಟಲೇಬೇಕಲ್ಲ.

ಅಕ್ವಿನಾಸ್ ಮಾತ್ರ ನಿನ್ನ ಪಕ್ಷ. ಶಿಲುಬೆ ಇಲ್ದೇನೂ ದೇವರು ಕ್ಷಮಿಸಬಹುದಿತ್ತು, ಅದರಲ್ಲಿ ಅನ್ಯಾಯ ಏನೂ ಇರ್ತಿರಲಿಲ್ಲ ಅಂತಾನೆ, ಯಾಕಂದ್ರೆ ನ್ಯಾಯಾಧೀಶ ಬಿಟ್ರೆ ಬೇರೆಯವರ ಹಕ್ಕು ಬಿಟ್ಟಂಗೆ, ದೇವರು ಬಿಟ್ರೆ ತನಗೆ ಆದದ್ದನ್ನ ತಾನೇ ಬಿಟ್ಟಂಗೆ, ಅವನ ಮೇಲೆ ಇನ್ಯಾರೂ ಇಲ್ಲ. ಆದ್ರೆ ಶಿಲುಬೆಯ ದಾರಿ ಹೆಚ್ಚು ಯೋಗ್ಯವಾದದ್ದಾಗಿತ್ತು ಅಂತ ಸೇರಿಸ್ತಾನೆ. ನನಗೆ ಅನ್ಸೆಲ್ಮನ ಲೆಕ್ಕಕ್ಕಿಂತ ಈ ಉತ್ತರ ರುಚಿಸುತ್ತೆ. ನಿನ್ನ ಮೇಷ್ಟ್ರು ಒಪ್ಪಬೇಕಂತಿಲ್ಲ.

ಪ್ರಶ್ನೆ: ಕೊಲೆ ಮಾಡಿದವರನ್ನೂ ಕ್ಷಮಿಸಿ ಅಂತ ಹೇಳೋದು ಸುಲಭ ಸರ್. ಎಲ್ರೂ ಕ್ಷಮಿಸ್ತಾ ಕೂತ್ರೆ ಜೈಲು ಯಾಕೆ ಬೇಕು, ಪೊಲೀಸ್ ಯಾಕೆ ಬೇಕು?
– ನಿವೃತ್ತ ಸರ್ಕಾರಿ ನೌಕರ, ಕಲಬುರಗಿ

ಉತ್ತರ: ಹೇಳೋದು ಸುಲಭ, ಒಪ್ತೀನಿ. ಮಾಡಿದವರ ಕಡೆ ನೋಡೋಣ.

1999ರ ಜನವರಿ, ಒಡಿಶಾದ ಮನೋಹರಪುರದಲ್ಲಿ ಗ್ರಹಾಂ ಸ್ಟೇನ್ಸ್ ಅವರನ್ನ, ಕುಷ್ಠರೋಗಿಗಳ ನಡುವೆ ಕೆಲಸ ಮಾಡ್ತಿದ್ದ ಆಸ್ಟ್ರೇಲಿಯಾದವರು, ಹತ್ತು ವರ್ಷದ ಮತ್ತು ಆರು ವರ್ಷದ ಇಬ್ಬರು ಗಂಡುಮಕ್ಕಳ ಸಮೇತ ಜೀಪಲ್ಲಿ ಮಲಗಿದ್ದಾಗ ಸುಟ್ಟರು. ಹೆಂಡತಿ ಗ್ಲಾಡಿಸ್ ಕ್ಷಮಿಸಿದೀನಿ ಅಂದ್ರು. ಆದ್ರೆ ಕ್ಷಮೆ ಬೇರೆ, ಕಾನೂನಿನ ಪರಿಣಾಮ ಬೇರೆ ಅನ್ನೋದನ್ನೂ ಅವರು ಬಿಡಿಸಿ ಹೇಳಿದ್ರು. ಕೇಸು ನಡೀತು, ಮುಖ್ಯ ಅಪರಾಧಿಗೆ ಕೆಳಗಿನ ಕೋರ್ಟ್ ಮರಣದಂಡನೆ ಕೊಡ್ತು, ಹೈಕೋರ್ಟ್ 2005ರಲ್ಲಿ ಅದನ್ನ ಜೀವಾವಧಿಗೆ ಇಳಿಸ್ತು, 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡೀತು. ಕ್ಷಮಿಸಿದ ಆ ಹೆಣ್ಣುಮಗಳಿಂದ ಒಂದು ಜೈಲೂ ಮುಚ್ಚಲಿಲ್ಲ.

ಇನ್ನೊಂದು. ಕೇರಳದ ಸಿಸ್ಟರ್ ರಾಣಿ ಮರಿಯಾ ಮಧ್ಯಪ್ರದೇಶದಲ್ಲಿ ಆದಿವಾಸಿ ರೈತರನ್ನ ಸಾಹುಕಾರರ ಬಡ್ಡಿ ಸಾಲದಿಂದ ಬಿಡಿಸೋ ಕೆಲಸ ಮಾಡ್ತಿದ್ರು. 1995ರ ಫೆಬ್ರವರಿಲಿ ಬಸ್ಸಲ್ಲಿ ಹೋಗ್ತಿದ್ದಾಗ ಅವರನ್ನ ಇರಿದು ಕೊಂದ್ರು. ಕೊಂದವನಿಗೆ ಜೀವಾವಧಿ ಆಯ್ತು. 2002ರಲ್ಲಿ ರಾಣಿ ಮರಿಯಾ ಅವರ ಸ್ವಂತ ತಂಗಿ, ಅವರೂ ಸನ್ಯಾಸಿನಿಯೇ, ಜೈಲಿಗೆ ಹೋಗಿ ಅವನ ಕೈಗೆ ರಾಖಿ ಕಟ್ಟಿದ್ರು. ಆಮೇಲೆ ಮನೆಯವರೇ ಅವನ ಬಿಡುಗಡೆಗೆ ಒಪ್ಪಿಗೆ ಕೊಟ್ರು, 2006ರಲ್ಲಿ ಹೊರಗೆ ಬಂದ. ಅವನನ್ನ ಅವರು ಮಗನ ಥರ ಮನೆಗೆ ಕರೆಸ್ಕೊಂಡ್ರು. ಮೊದಲನೇ ಉತ್ತರದಲ್ಲಿ ಅಕ್ವಿನಾಸ್ ಹೇಳಿದ್ದು ನೆನಪಿದೆಯಾ? ಅನ್ಯಾಯಕ್ಕೊಳಗಾದವರ ಒಪ್ಪಿಗೆ, ದೊರೆಯ ಅಧಿಕಾರ. ಇಲ್ಲಿ ಎರಡೂ ಕೂಡಿಬಂತು.

ಕೂಡಿಬರದೇ ಇದ್ದಾಗ ಏನಾಗುತ್ತೆ ಅನ್ನೋದಕ್ಕೆ ದಕ್ಷಿಣ ಆಫ್ರಿಕಾ ನೋಡಬೇಕು. ವರ್ಣಭೇದದ ಆಡಳಿತ ಮುಗಿದ ಮೇಲೆ ಸತ್ಯ ಮತ್ತು ಸಂಧಾನ ಆಯೋಗ ಮಾಡಿದ್ರು, ಅಧ್ಯಕ್ಷರು ಆಂಗ್ಲಿಕನ್ ಆರ್ಚ್‌ಬಿಷಪ್ ಡೆಸ್ಮಂಡ್ ಟುಟು. ರಾಜಕೀಯ ಕಾರಣಕ್ಕೆ ಮಾಡಿದ ಅಪರಾಧವನ್ನ ಪೂರ್ತಿ ಬಾಯ್ಬಿಟ್ಟು ಹೇಳಿದ್ರೆ ಮಾಫಿ, ಕ್ರಿಮಿನಲ್ ಕೇಸೂ ಇಲ್ಲ, ಪರಿಹಾರದ ದಾವೆನೂ ಇಲ್ಲ. ಪಶ್ಚಾತ್ತಾಪ ಕೂಡ ಷರತ್ತಲ್ಲ, ಸತ್ಯ ಹೇಳಿದ್ರೆ ಸಾಕು. ಪೊಲೀಸ್ ಕಸ್ಟಡಿಯಲ್ಲಿ 1977ರಲ್ಲಿ ಸತ್ತ ವರ್ಣಭೇದ ವಿರೋಧಿ ಹೋರಾಟಗಾರ ಸ್ಟೀವ್ ಬಿಕೋ ಅವರ ಮನೆಯವರು, ಇನ್ನೂ ಕೆಲವು ಕುಟುಂಬದವರು ಸೇರಿ ಇದನ್ನ ಸಾಂವಿಧಾನಿಕ ನ್ಯಾಯಾಲಯದಲ್ಲಿ ಪ್ರಶ್ನೆ ಮಾಡಿದ್ರು, ನಮಗೆ ಸೇರಿದ ನ್ಯಾಯವನ್ನ ನೀವ್ಯಾರು ಬಿಟ್ಟುಕೊಡೋಕೆ ಅಂತ. 1996ರಲ್ಲಿ ಸೋತ್ರು. ಮಾಫಿ ಇಲ್ದಿದ್ರೆ ಸತ್ಯ ಹೊರಗೆ ಬರಲ್ಲ, ದೇಶ ಮುಂದೆ ಹೋಗಲ್ಲ ಅಂತ ಕೋರ್ಟ್ ವಾದ. ಅದರಲ್ಲೂ ಹುರುಳಿದೆ, ಅಲ್ಲಿ ಅಂತರ್ಯುದ್ಧ ತಪ್ಪಿದ್ದು ಸಣ್ಣ ಮಾತಲ್ಲ. ಅರ್ಜಿ ಹಾಕಿದ 7,112 ಜನರಲ್ಲಿ 849 ಜನಕ್ಕೆ ಮಾತ್ರ ಮಾಫಿ ಸಿಕ್ತು, ಬಿಕೋ ಸಾವಿನಲ್ಲಿದ್ದ ಪೊಲೀಸರಿಗೆ 1999ರಲ್ಲಿ ನಿರಾಕರಿಸಿದ್ರು. ಟುಟು ಮೇಲೆ ನನಗೆ ತುಂಬಾ ಗೌರವ, ಆದ್ರೂ ಕೋರ್ಟಿನ ಮೆಟ್ಟಿಲಿಳಿದು ವಾಪಸ್ ಹೋದ ಆ ಮನೆಯವರ ಜೊತೆಗೇ ನನ್ನ ಮನಸ್ಸು ಹೋಗುತ್ತೆ. ಅವರಿಗೆ ಬರಬೇಕಿದ್ದ ಸಾಲವನ್ನ ಮನ್ನಾ ಮಾಡೋ ಅಧಿಕಾರ ದೇಶ ತಗೊಳ್ತು, ಅವರನ್ನ ಕೇಳ್ದೆ.

ಪ್ರಶ್ನೆ: ಕದ್ದು, ಫಾದರ್ ಹತ್ರ ಹೋಗಿ ಪಾಪನಿವೇದನೆ ಮಾಡಿದ್ರೆ ಕ್ಲೀನ್ ಆಗ್ಬಿಡ್ತೀವಾ? ನಮ್ಮ ಆಫೀಸಲ್ಲಿ ಒಬ್ರು ಹಾಗೇ ಅಂದ್ಕೊಂಡಿದಾರೆ.
– ಬೆಂಗಳೂರು

ಉತ್ತರ: ಕದ್ದಿದ್ದು ಇನ್ನೂ ಅವರ ಮನೇಲೇ ಇದ್ರೆ ಆಗಲ್ಲ. ಕದ್ದದ್ದನ್ನ ವಾಪಸ್ ಕೊಡೋ ಶಕ್ತಿ ಇದ್ದೂ ಕೊಡದಿದ್ರೆ ಅದು ಪಶ್ಚಾತ್ತಾಪ ಅಲ್ಲ, ನಟನೆ ಅಂತ ಸಂತ ಅಗಸ್ಟೀನ್ ಸುಮಾರು 413ರಲ್ಲೇ ಬರೆದಿಟ್ಟಿದಾನೆ, ವಾಪಸ್ ಕೊಡೋತನಕ ಪಾಪ ಪರಿಹಾರ ಇಲ್ಲ ಅಂತ. ತಮಾಷೆ ಅಂದ್ರೆ ಅದಿರೋದು ಕರುಣೆ ಪರವಾಗಿ ಬರೆದ ಪತ್ರದಲ್ಲೇ. ಆಫ್ರಿಕಾ ಪ್ರಾಂತ್ಯದ ರೋಮನ್ ಅಧಿಕಾರಿ ಮ್ಯಾಸೆಡೋನಿಯಸ್, ನೀವು ಬಿಷಪ್‌ಗಳು ಯಾಕೆ ಯಾವಾಗ್ಲೂ ಅಪರಾಧಿಗಳ ಪರವಾಗಿ ಶಿಫಾರಸು ತಗೊಂಡು ಬರ್ತೀರಿ, ಇದೂ ಒಂದು ಧರ್ಮನಾ ಅಂತ ಕೇಳಿದ್ದಕ್ಕೆ ಅಗಸ್ಟೀನ್ ಕೊಟ್ಟ ಉತ್ತರ ಅದು. ತಿದ್ದಿಕೊಳ್ಳೋಕೆ ಮನುಷ್ಯನಿಗೆ ಇರೋದು ಈ ಬದುಕು ಮಾತ್ರ, ಕೊಂದುಬಿಟ್ರೆ ಯಾವಾಗ ತಿದ್ಕೋತಾನೆ, ಅದಕ್ಕೇ ಪ್ರಾಣ ಉಳಿಸಿ ಅಂತ ಬೇಡ್ತೀವಿ ಅಂತಾನೆ. ಪ್ರಾಣ ಉಳಿಸಿ ಅಂದ, ಕದ್ದ ಮಾಲು ಇಟ್ಕೊಳ್ಳಲಿ ಅನ್ನಲಿಲ್ಲ. ನಿಮ್ಮ ಆಫೀಸಿನವರಿಗೆ ಈ ಪುಟ ಕಟ್ ಮಾಡಿ ಟೇಬಲ್ ಮೇಲಿಡಿ.

ಪ್ರಶ್ನೆ: ನೀವು ಹೋದ ಸಲ ಬರೆದಿದ್ದು ಓದಿದೆ. ನಿಮಗೆ ಲೆಕ್ಕ ಜಾಸ್ತಿ ಆಯ್ತು ಅನ್ಸುತ್ತೆ. ಯಾರ ಸಾಲ, ಯಾರ ಹಕ್ಕು ಅಂತ ಅಳೀತಾ ಕೂತ್ರೆ ಕರುಣೆ ಎಲ್ಲಿ ಉಳೀತು? ಶಿಲುಬೆ ಮೇಲಿದ್ದವರು ಲೆಕ್ಕ ಹಾಕಿದ್ರಾ?
– ಒಬ್ಬ ಕನ್ಯಾಸ್ತ್ರೀ, ಮಂಗಳೂರು

ಉತ್ತರ: ಸಿಸ್ಟರ್, ಈ ಸಲದ ಪುಟ ಓದಿದ್ಮೇಲೆ ನಿಮ್ಮ ದೂರು ಇನ್ನೂ ಜೋರಾಗುತ್ತೆ ಅಂತ ಗೊತ್ತು. ಪೆಟ್ಟು ಸರಿಯಾದ ಜಾಗಕ್ಕೇ ಬಿದ್ದಿದೆ.

ನಿಮ್ಮ ಪರವಾಗಿ ನಾನೇ ಒಬ್ಬ ಸಾಕ್ಷಿ ಕರೀತೀನಿ. ಏಳನೇ ಶತಮಾನದ ನಿನೆವೆಯ ಇಸಾಕ್, ಸಿರಿಯಾಕ್ ಭಾಷೆಯ ಕ್ರೈಸ್ತ ಪರಂಪರೆಯ ಸಂತ, ಕತಾರ್ ಕಡೆಯವನು. ದೇವರನ್ನ ನ್ಯಾಯವಂತ ಅಂತ ಕರೀಬೇಡ, ನಿನ್ನ ವಿಷಯದಲ್ಲಿ ಅವನ ನ್ಯಾಯ ಎಲ್ಲಿ ಕಾಣುತ್ತೆ ಅಂತ ಕೇಳಿದವನು. ಸಂಜೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟ ಯಜಮಾನನ್ನ, ಮಗನ ಕಂಡು ಓಡಿದ ಅಪ್ಪನ್ನ ತೋರಿಸಿ, ಇದ್ಯಾವ ಸೀಮೆ ನ್ಯಾಯ ಅಂತ. ಅಕ್ವಿನಾಸನ ತಕ್ಕಡಿಯನ್ನೇ ಇವನು ಮನೆ ಹೊರಗಿಟ್ಟ. ನಿನೆವೆ ಅಂದ್ರೆ ಈಗಿನ ಇರಾಕಿನ ಮೋಸುಲ್ ಎದುರಿನ ಊರು, ಪ್ರವಾದಿ ಯೋನ ಸಿಟ್ಟು ಮಾಡ್ಕೊಂಡು ಕೂತಿದ್ದೂ ಅದೇ ಊರಿನ ಹೊರಗೆ. ನಲವತ್ತು ದಿನಕ್ಕೆ ಈ ಊರು ನಾಶ ಅಂತ ಸಾರಿದ್ದ, ಜನ ಗೋಣಿತಟ್ಟು ಉಟ್ಕೊಂಡು ತಿದ್ಕೊಂಡ್ರು, ದೇವರು ಮನಸ್ಸು ಬದಲಾಯಿಸಿದ, ಯೋನನಿಗೆ ಮುಖಭಂಗ. ಬಲಗೈ ಎಡಗೈ ಗೊತ್ತಿಲ್ಲದ ಒಂದು ಲಕ್ಷದ ಇಪ್ಪತ್ತು ಸಾವಿರ ಜನ ಇದಾರೆ, ತುಂಬಾ ದನಕರು ಇದಾವೆ, ನಾನು ಕನಿಕರ ಪಡಬಾರ್ದಾ ಅಂತ ದೇವರು ಕೇಳೋ ಪ್ರಶ್ನೆಯಲ್ಲೇ ಆ ಪುಸ್ತಕ ಮುಗಿಯುತ್ತೆ. ದನಕರುವನ್ನ ಲೆಕ್ಕಕ್ಕೆ ತಗೊಂಡ ಆ ಮಾತು ನನಗೆ ಯಾವಾಗ ಓದಿದ್ರೂ ಗಂಟಲು ಕಟ್ಟುತ್ತೆ.

ಇಸಾಕ್ ನಿನೆವೆಗೆ ಬಿಷಪ್ ಆದ, ಆದ್ರೆ ಐದೇ ತಿಂಗಳಿಗೆ ಬಿಟ್ಟು ಬೆಟ್ಟಕ್ಕೆ ಹೋದ. ಯಾಕೆ ಬಿಟ್ಟ ಅನ್ನೋದಕ್ಕೆ ಒಂದು ಕಥೆ ಹೇಳ್ತಾರೆ. ಸಾಲ ಕೊಟ್ಟೋನು, ತಗೊಂಡೋನು ಇಬ್ಬರೂ ಇವನ ಹತ್ರ ಪಂಚಾಯ್ತಿಗೆ ಬಂದ್ರಂತೆ. ಕೊಟ್ಟೋನು ಈಗ್ಲೇ ಕೊಡದಿದ್ರೆ ನ್ಯಾಯಾಧೀಶರ ಹತ್ರ ಹೋಗ್ತೀನಿ ಅಂದ. ಇಸಾಕ್, ಕೊಟ್ಟಿದ್ದನ್ನ ವಾಪಸ್ ಕೇಳಬೇಡ ಅಂತ ಸುವಾರ್ತೆ ಹೇಳುತ್ತೆ, ಕಡೇಪಕ್ಷ ಒಂದು ದಿನ ಟೈಮ್ ಕೊಡಪ್ಪಾ ಅಂದ. ಸುವಾರ್ತೆ ಮಾತು ಈಗ ಬದಿಗಿಡಿ ಸ್ವಾಮಿ ಅಂದನಂತೆ ಅವನು. ಸುವಾರ್ತೆ ಬದಿಗಿಡೋದಾದ್ರೆ ನಾನಿಲ್ಲಿ ಯಾಕೆ ಬಂದೆ ಅಂದ್ಕೊಂಡು ಇಸಾಕ್ ಹೊರಟೇಬಿಟ್ಟ.

ಸಿಸ್ಟರ್, ಈ ಕಥೆಯನ್ನ ನಾನು ಇಷ್ಟ ಪಡ್ತೀನಿ, ಇಷ್ಟ ಪಡ್ತಾನೇ ಆ ಸಾಲ ಕೊಟ್ಟೋನ ಮನೇಲಿ ಆವತ್ತು ಒಲೆ ಹೊತ್ತಿತ್ತೋ ಇಲ್ವೋ ಅಂತಾನೂ ಯೋಚನೆ ಬರುತ್ತೆ, ಕಥೆ ಹೇಳಿದವರು ಅದನ್ನ ಹೇಳಿಲ್ಲ. ಶಿಲುಬೆ ಮೇಲಿದ್ದವರು ಲೆಕ್ಕ ಹಾಕಲಿಲ್ಲ, ನಿಜ. ಆದ್ರೆ ಮೊಳೆ ಹೊಡೆಸ್ಕೊಂಡಿದ್ದೂ ಅವರೇ, ಕ್ಷಮಿಸು ಅಂದಿದ್ದೂ ಅವರೇ, ಕೆಳಗೆ ನಿಂತು ನೋಡ್ತಿದ್ದ ಯಾರೋ ಅವರ ಪರವಾಗಿ ಹೇಳಲಿಲ್ಲ. ನಾನು ಹಿಡ್ಕೊಂಡಿರೋದು ಅದೊಂದನ್ನೇ. ನೀವು ಇದನ್ನೂ ಲೆಕ್ಕ ಅಂತೀರೇನೋ.

ಇಸಾಕ್ ಕೇಳಿದ್ದು ಒಂದು ದಿನ ಅನ್ನೋದು ಬರೀವಾಗ ತಲೇಲಿ ಕೂತ್ಬಿಡ್ತು. ಮೊದಲನೇ ಪತ್ರದ ಹಾಸನದ ಅಮ್ಮನಿಗೆ ಒಂದು ಮಾತು ಅದಕ್ಕೇ ಇಲ್ಲೇ ಸೇರಿಸ್ತೀನಿ. ನಿಮ್ಮಣ್ಣ ದುಡ್ಡು ಹೊಂದಿಸೋಕೆ ಟೈಮ್ ಬೇಕು ಅಂತ ಬಾಯ್ಬಿಟ್ಟು ಕೇಳಿದ್ರೆ, ಕೇಸು ವಾಪಸ್ ತಗೋಬೇಡಿ, ಒಂದು ವಾಯಿದೆ ಕೊಡಿ. ಎರಡನೇ ವಾಯಿದೆ ಕೇಳಿದ್ರೆ ವಕೀಲರನ್ನ ಕೇಳಿ.